ಹಳೆಯ ಕೀರ್ದಿಯಿಂದ: ನಾರಾಯಣಪೇಟೆಯ ದೀಪಾವಳಿ



ಪಟಾಕಿ ಇಲ್ಲದೆ ನಿಮ್ಮ ಕಾಲದಲ್ಲಿ ದೀಪಾವಳಿ ಹೇಗೆ ಆಗುತ್ತಿತ್ತು ಎಂದು ಮನೆಯ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಪಟಾಕಿ ಇರಲಿಲ್ಲ, ಅದು ನಿಜ. ಆದರೆ ಹಬ್ಬದಲ್ಲಿ ಪುರಸೊತ್ತೂ ಇರಲಿಲ್ಲ. ಬೆಳಗಿನ ಜಾವ ಭಗವಾನ್ ಮಹಾವೀರರ ನಿರ್ವಾಣ ಪೂಜೆ, ಸಂಜೆ ಲೆಕ್ಕದ ಪುಸ್ತಕದ ಪೂಜೆ. ಇವೆರಡರ ನಡುವೆ ಮನೆಯಲ್ಲಿ ನಡೆಯುತ್ತಿದ್ದುದನ್ನು ಈ ಸಲ ಬರೆಯುತ್ತೇನೆ.

ನಾನು ಹೇಳುವುದು 1966ರಿಂದ 1975ರ ವರೆಗಿನ ಮಾತು. ಆಗ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಗದ್ವಾಲ ಬೇರೆ ಜಿಲ್ಲೆಯಾದದ್ದು 2016ರಲ್ಲಿ, ನಾರಾಯಣಪೇಟೆ 2019ರಲ್ಲಿ. ನಮ್ಮ ಅಂಗಡಿ ನಾರಾಯಣಪೇಟೆಯಲ್ಲಿ. ನೇಕಾರರಿಗೆ ನೂಲು ಕೊಡುವುದು, ಅವರು ನೇಯ್ದ ಸೀರೆ ಕೊಳ್ಳುವುದು ನಮ್ಮ ದಂಧೆ. ದೊಡ್ಡಪ್ಪನ ಕಾಳಿನ ಅಡತಿ ಮಕ್ತಲದಲ್ಲಿ. ಸೋದರತ್ತೆಯನ್ನು ಗದ್ವಾಲಕ್ಕೆ ಕೊಟ್ಟಿತ್ತು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು ಮತ್ತು ಮರಾಠಿ. ಅಜ್ಜನ ಕೀರ್ದಿ ಮೋಡಿ ಅಕ್ಷರದಲ್ಲಿತ್ತು, ಅಪ್ಪನದು ಕನ್ನಡದಲ್ಲಿ.

ಹಬ್ಬ ಶುರುವಾಗುವುದು ಅತ್ತೆ ಬಂದ ಮೇಲೆಯೇ. ಜುರಾಲಾ ಅಣೆಕಟ್ಟೆ ಆಗಿನ್ನೂ ಇರಲಿಲ್ಲ. ಅವರು ಗದ್ವಾಲದಿಂದ ರಾಯಚೂರಿಗೆ ಬಂದು, ದೇವಸೂಗೂರಿನ ಹತ್ತಿರ ಕೃಷ್ಣೆಯ ಸೇತುವೆ ದಾಟಿ, ಮಕ್ತಲದಲ್ಲಿ ದೊಡ್ಡಪ್ಪನ ಮನೆಯಲ್ಲಿ ಇಳಿದು, ಮರುದಿನ ಅವರೆಲ್ಲರನ್ನೂ ಕರೆದುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಅತ್ತೆ ಉಟ್ಟದ್ದು ಗದ್ವಾಲ ಸೀರೆ: ಮೈ ಹತ್ತಿಯದು, ಅಂಚು-ಸೆರಗು ರೇಷ್ಮೆಯದು. ಅಜ್ಜಿ ರೇಷ್ಮೆ ಮುಟ್ಟುತ್ತಿರಲಿಲ್ಲ, ಹುಳ ಕುದಿಸಿ ತೆಗೆದ ಎಳೆ ಎಂದು. ಮಗಳು ಕಾಲಿಗೆ ನಮಸ್ಕಾರ ಮಾಡಿದರೆ "ಮೊದಲು ಸೀರಿ ಬದಲು ಮಾಡಿ ಬಾ, ಆಮ್ಯಾಲ ದೇವರ ಕೋಣಿ" ಎನ್ನುವರು. ಅತ್ತೆ ನಗುತ್ತ ನಮ್ಮ ಅಂಗಡಿಯ ಹತ್ತಿಯ ಚೌಕಳಿ ಸೀರೆ ಉಟ್ಟು ಬರುತ್ತಿದ್ದರು. ರೇಷ್ಮೆ ಅಂಚಿನ ಸೀರೆ ನಮ್ಮ ಅಂಗಡಿಯಲ್ಲಿಯೂ ಮಾರಾಟಕ್ಕೆ ಇತ್ತು. ಅಜ್ಜಿ ಅಪ್ಪನಿಗೆ ಅದನ್ನು ಎಂದೂ ಕೇಳಲಿಲ್ಲ, ಅಪ್ಪ ಎಂದೂ ಹೇಳಲಿಲ್ಲ.

ತ್ರಯೋದಶಿಯ ದಿನ ಹಂಡೆ ತಿಕ್ಕಿ ನೀರು ತುಂಬುವುದು. ಎರಡು ಪದರಿನ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದುದನ್ನು ಅದೇ ನೀರಿನಿಂದ ತೊಳೆದು ಅದೇ ಬಾವಿಗೆ ಮರಳಿ ಬಿಡಬೇಕು. ಆ ಕೆಲಸ ನಮ್ಮದು, ಹುಡುಗರದು. ಹೆಂಗಸರು ಕರಚಿಕಾಯಿ, ಶಂಕರಪಾಳಿ, ಚಕ್ಕುಲಿ ಕರಿಯುತ್ತಿದ್ದರು. ಉಳ್ಳಾಗಡ್ಡಿ-ಬೆಳ್ಳುಳ್ಳಿ ಇಲ್ಲದ ಅವಲಕ್ಕಿ ಚೂಡಾಕ್ಕೆ ಅವ್ವ ಕರಿಬೇವು, ಪುಟಾಣಿ, ಒಣಕೊಬ್ಬರಿ ಧಾರಾಳವಾಗಿ ಹಾಕುವರು. ಓಣಿಯ ನೇಕಾರರ ಮನೆಗಳಿಗೆ ಎಲ್ಲಕ್ಕಿಂತ ಮೊದಲು ಹೋಗುತ್ತಿದ್ದುದು ಆ ಚೂಡಾ.

ಅಮಾವಾಸ್ಯೆಯ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವರು. ಕ್ರಿ.ಪೂ. 527ರಲ್ಲಿ, ಇಂಥದೇ ಜಾವದಲ್ಲಿ, ಪಾವಾಪುರಿಯಲ್ಲಿ ಭಗವಂತರು ಮುಕ್ತರಾದರು. ಪುನ್ನಾಟ ಸಂಘದ ಜಿನಸೇನಾಚಾರ್ಯರು ಕ್ರಿ.ಶ. 783ರಲ್ಲಿ ಮುಗಿಸಿದ ಹರಿವಂಶ ಪುರಾಣದಲ್ಲಿ ಪಾವಾನಗರಿಯ ದೀಪಮಾಲೆಯ ವಿಷಯ ಬರುತ್ತದೆ. ಪುನ್ನಾಟವೆಂದರೆ ಕರ್ನಾಟಕದ್ದೇ ಒಂದು ಹಳೆಯ ನಾಡು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ನಮಗೆ ಅದೆಲ್ಲ ಆಗ ತಿಳಿಯದು. ಅಪ್ಪ ನಿರ್ವಾಣ ಕಾಂಡ ಓದುತ್ತಿರುವಾಗ ನಮ್ಮ ಕಣ್ಣೆಲ್ಲ ತಟ್ಟೆಯ ಲಾಡುವಿನ ಮೇಲೆ. ನಿರ್ವಾಣ ಲಾಡು ಮನೆಯಲ್ಲಿ ಮಾಡಿದ್ದರಲ್ಲೆಲ್ಲ ದೊಡ್ಡದು, ಮತ್ತು ಅದೊಂದನ್ನೇ ನಾವು ತಿನ್ನುವಂತಿಲ್ಲ. ಭಗವಂತರಿಗೆ ಅರ್ಪಿಸಿದ್ದು ನಿರ್ಮಾಲ್ಯ, ನಮ್ಮದಲ್ಲ. ನೆರೆಯ ವೈದಿಕ ಮನೆಗಳಲ್ಲಿ ನೈವೇದ್ಯ ತೋರಿಸಿ ತಾವೇ ಉಣ್ಣುವುದನ್ನು ಕಂಡ ನನ್ನ ತಮ್ಮ, ಅವರ ದೇವರು ಒಳ್ಳೆಯವನು ಎಂದು ಒಮ್ಮೆ ಪೂಜೆಯ ನಡುವೆಯೇ ಅಂದುಬಿಟ್ಟ. ಅಪ್ಪ ಓದುವುದನ್ನು ನಿಲ್ಲಿಸಲಿಲ್ಲ, ಆದರೆ ಅವರ ದನಿ ನಗೆಯಿಂದ ನಡುಗಿದ್ದು ನೆನಪಿದೆ.

ಮಧ್ಯಾಹ್ನದಿಂದ ಅಪ್ಪ ಅಂಗಡಿಯ ಗಾದಿಯ ಮೇಲೆ ಕೂಡುವರು. ಇದು ವ್ಯಾಪಾರಿ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಇಂದಿನ ಹುಡುಗರಿಗೆ ಹೇಳಬೇಕು. ಆಗ ದೀಪಾವಳಿಗೆ ಆಗುತ್ತಿದ್ದುದು ಪುಸ್ತಕದ ಪೂಜೆಯಷ್ಟೇ ಅಲ್ಲ, ನಿಜವಾದ ಲೆಕ್ಕ. ದೀಪಾವಳಿಯಿಂದ ದೀಪಾವಳಿಗೆ ವರ್ಷ. ಹಳೆಯ ಖತಾವಣಿಯ ಪ್ರತಿ ಖಾತೆಯ ಬಾಕಿ ಎಳೆದು, ಬಡ್ಡಿ ಕೂಡಿಸಿ, ಹೊಸ ಪುಸ್ತಕಕ್ಕೆ ತರಬೇಕು. ಸಂಜೆ ಗೌತಮ ಗಣಧರರಿಗೆ ಕೇವಲಜ್ಞಾನವಾದ ಹೊತ್ತಿಗೆ ಹೊಸ ಪುಸ್ತಕಕ್ಕೆ ಸ್ವಸ್ತಿಕ ಬರೆದು ಪೂಜೆ. ನಮ್ಮಲ್ಲಿ ಪೂಜೆಗೊಳ್ಳುವ ಲಕ್ಷ್ಮಿ ಕೇವಲಜ್ಞಾನ ಲಕ್ಷ್ಮಿ. ಪುಸ್ತಕದ ಮೊದಲ ಹಾಳೆಯಲ್ಲಿ ಆ ಹೆಸರನ್ನು ಬರೆದು, ಎರಡನೆಯ ಹಾಳೆಯಿಂದ ಯಾರು ಎಷ್ಟು ಕೊಡಬೇಕು ಎಂದು ಬರೆಯುತ್ತಿದ್ದೆವು.

1972ರಲ್ಲಿ ಮಳೆ ಕೈಕೊಟ್ಟಿತು. ಮಕ್ತಲದ ಅಡತಿಗೆ ಶೇಂಗಾದ ಚೀಲ ಬರುವುದು ನಿಂತಿತು, ದೊಡ್ಡಪ್ಪ ಹಮಾಲರನ್ನು ಅರ್ಧ ಮಾಡಿದರು. ಹಳ್ಳಿಯಲ್ಲಿ ಜೋಳವೇ ಇಲ್ಲದಾಗ ಸೀರೆ ಯಾರು ಕೊಳ್ಳುವರು? ನಮ್ಮ ಕಪಾಟಿನಲ್ಲಿ ಸೀರೆ ಉಳಿದವು, ನೇಕಾರರ ಮೇಲೆ ನೂಲಿನ ಬಾಕಿ ಉಳಿಯಿತು. ಅದರ ಮೇಲೆ ಕಾಳು ತರಲು ಕೈಗಡ ಬೇರೆ. ಆ ದೀಪಾವಳಿಗೆ ಅಪ್ಪನ ಮುಂದೆ ಹದಿನಾಲ್ಕು ನೇಕಾರರ ಖಾತೆ ಇದ್ದವು. ಎಲ್ಲದರಲ್ಲಿಯೂ ಬಡ್ಡಿ ಅಸಲಿನ ಬೆನ್ನು ಹತ್ತಿತ್ತು.

ಅಜ್ಜಿ ಅಂಗಡಿಯ ಬಾಗಿಲಿಗೆ ಬಂದು ನಿಂತರು. ಅವರು ಅಂಗಡಿಗೆ ಬರುವವರಲ್ಲ. "ಹೊಸ ಪುಸ್ತಕದಾಗ ಈ ವರ್ಷ ಬಡ್ಡಿ ಬರೀಬ್ಯಾಡಪ್ಪಾ, ಅಸಲಷ್ಟೇ ಬರಿ" ಅಂದರು. ಅಪ್ಪ, "ನಾ ನೂಲು ತಂದ ಕಡೆ ನನಗ ಬಡ್ಡಿ ಬಿಡೂದಿಲ್ಲವ್ವಾ. ಅವರ ದೀಪಾವಳಿಯೂ ಇವತ್ತೇ" ಅಂದರು. ಅಜ್ಜಿ ಮತ್ತೆ ಮಾತಾಡಲಿಲ್ಲ, ಹೋಗಲೂ ಇಲ್ಲ. ಹೊಸ್ತಿಲ ಹೊರಗೆ ಮಣೆ ಹಾಕಿಕೊಂಡು ಕುಳಿತರು.

ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಕಾರ್ತಿಕದಲ್ಲಿ ಪಾವು ಕಮ್ಮಿ ಆರಕ್ಕೆಲ್ಲ ಕತ್ತಲೆ. ಐದಕ್ಕೆ ಎಲೆ ಹಾಕಿ ಅವ್ವ ನನ್ನನ್ನು ಕಳಿಸಿದರು. ಅಪ್ಪ ತಲೆ ಎತ್ತಲಿಲ್ಲ. ಐದೂವರೆಗೆ ಮತ್ತೆ ಹೋದೆ. ಮಕ್ಕಳೆಲ್ಲ ಉಂಡೆವು, ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಬಿಸಿಲು ಮಾಳಿಗೆಯ ಕುಂಬಿಯಿಂದ ಜಾರಿತು. ಅಪ್ಪನೂ ಉಣ್ಣಲಿಲ್ಲ, ಅಜ್ಜಿಯೂ ಉಣ್ಣಲಿಲ್ಲ. ಹಬ್ಬದ ಅಡಿಗೆ ಪಾತ್ರೆಯಲ್ಲಿಯೇ ಉಳಿಯಿತು.

ಪೂಜೆಯ ಹೊತ್ತಿಗೆ ಹೊಸ ಪುಸ್ತಕ ತೆರೆದಾಗ ಹನ್ನೊಂದು ಖಾತೆಗೆ ಅಸಲು ಮಾತ್ರ ಇತ್ತು. ಮೂರಕ್ಕೆ ಬಡ್ಡಿ ಸಹಿತ ಬರೆದಿದ್ದರು. ಆ ಮೂವರಿಗೆ ಹೊಲವೂ ಬಾವಿಯೂ ಇದ್ದವು. "ಅವರು ಕೊಡಬಲ್ಲರು" ಎಂದಷ್ಟೇ ಅಪ್ಪ ಹೇಳಿದ್ದು. ಇದನ್ನು ದಾನವೆಂದು ನಾನು ಬರೆಯುತ್ತಿಲ್ಲ. ಬಡ್ಡಿಗೆ ಹಿಡಿದರೆ ನೇಕಾರ ಸೋಲಾಪುರಕ್ಕೋ ಭಿವಂಡಿಗೋ ಸಂಸಾರ ಸಹಿತ ಹೋಗಿಬಿಡುತ್ತಾನೆ, ಆಗ ಅಸಲೂ ಇಲ್ಲ, ಸೀರೆಯೂ ಇಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ಹಾಗೆ ಬಿಟ್ಟ ಮೇಲೂ ಎರಡು ಮನೆಯವರು ಭಿವಂಡಿಗೆ ಹೋದರು, ಅವರ ಅಸಲು ಬರಲಿಲ್ಲ. ಒಂಬತ್ತು ಮನೆಯ ಮಗ್ಗ ನಿಲ್ಲಲಿಲ್ಲ.

ಆ ವರ್ಷ ನಮಗೆ ಮಿಲ್ಲಿನ ಬಟ್ಟೆ ತರಲಿಲ್ಲ. ಅಂಚು ತಪ್ಪಿದ ಸೀರೆಗಳಲ್ಲಿ ಅಕ್ಕಂದಿರಿಗೆ ಲಂಗ, ನಮಗೆ ಚೌಕಳಿ ಅಂಗಿ ಹೊಲಿಸಿದರು. ಶಾಲೆಯಲ್ಲಿ ಹುಡುಗರು "ಸೀರಿ ಅಂಗಿ" ಎಂದು ಕೂಗಿದರು. ಬಟ್ಟೆ ಗಟ್ಟಿ, ಮೂರು ವರ್ಷ ಹರಿಯಲಿಲ್ಲ. ಅದೇ ಕಷ್ಟ.

ದೀಪದ ಮಾತು ಬಿಟ್ಟಿತು. ಅಜ್ಜಿ ಬಹಳ ದೀಪ ಹಚ್ಚಗೊಡುತ್ತಿರಲಿಲ್ಲ. ಮಳೆಗಾಲದ ಹುಳ ಇನ್ನೂ ಇರುತ್ತವೆ, ಬಂದು ಬೀಳುತ್ತವೆ. ಇದ್ದ ನಾಲ್ಕಾರು ದೀಪಕ್ಕೂ ಕಂದೀಲಿನ ಗಾಜು ಮುಚ್ಚುವರು. ಓಣಿಯೆಲ್ಲ ಪಟಾಕಿಯಿಂದ ಬೆಳಗುವಾಗ ನಾವು ಮಾಳಿಗೆಯ ಮೇಲೆ ಕುಳಿತು ಪರರ ಬಾಣ ಎಣಿಸುತ್ತಿದ್ದೆವು. ಖರ್ಚಿಲ್ಲದ ಸಂತೋಷ ಎಂದು ದೊಡ್ಡಪ್ಪ ಹೇಳುವರು.

1974ರ ದೀಪಾವಳಿ ಮಾತ್ರ ಬೇರೆ. ನಿರ್ವಾಣಕ್ಕೆ 2500 ವರ್ಷ ತುಂಬಿ, ನವೆಂಬರ್ 13ರಿಂದ ದೇಶವೆಲ್ಲ ಉತ್ಸವ. ಎಲ್ಲ ಪಂಗಡದವರೂ ಒಪ್ಪಿದ ಐದು ಬಣ್ಣದ ಧ್ವಜ ಬಂತು. ಅತ್ತೆ ಅಂಗಡಿಯ ತುಂಡು ಬಟ್ಟೆಯಲ್ಲಿ ಕೆಂಪು, ಹಳದಿ, ಬಿಳಿ, ಹಸಿರು, ಕಪ್ಪು ಹೊಂದಿಸಿ ಹೊಲಿದರು. ಬಾಜೂ ಮನೆಯ ಮಾರವಾಡಿ ಶ್ವೇತಾಂಬರ ಕುಟುಂಬ ಮತ್ತು ನಾವು ಮೊದಲ ಸಲ ಒಂದೇ ಧ್ವಜ ಹಿಡಿದು ನಡೆದೆವು.

ಆಮೇಲೆ ಲೆಕ್ಕದ ವರ್ಷವೇ ಹೋಯಿತು. 1987ರ ತಿದ್ದುಪಡಿ ಕಾನೂನಿನಿಂದ, 1989-90ರ ಅಸೆಸ್‌ಮೆಂಟಿನಿಂದ ಆದಾಯ ತೆರಿಗೆಗೆ ಎಲ್ಲರದೂ ಮಾರ್ಚ್ 31ಕ್ಕೆ ಮುಗಿಯುವ ವರ್ಷ. 1987ರ ದೀಪಾವಳಿಗೆ ಶುರುವಾದ ನಮ್ಮ ಕೀರ್ದಿ 1989ರ ಮಾರ್ಚಿನ ವರೆಗೆ, ಸುಮಾರು 17 ತಿಂಗಳು ನಡೆಯಿತು. ಈಗ ಕಂಪ್ಯೂಟರಿನಲ್ಲಿ ಬಡ್ಡಿ ತಾನೇ ಕೂಡುತ್ತದೆ, ಅದಕ್ಕೆ ಹೊಸ್ತಿಲ ಹೊರಗೆ ಯಾರೂ ಕೂಡಬೇಕಾಗಿಲ್ಲ. ದೀಪಾವಳಿಗೆ ನಾವು ತರುವ ಪುಸ್ತಕದಲ್ಲಿ ಮೊದಲ ಹಾಳೆಯ ಹೊರತು ಏನೂ ಬರೆಯುವುದಿಲ್ಲ.

ಊಟದ ಹೊತ್ತು ಮಾತ್ರ ಬದಲಾಗಿಲ್ಲ. ಅಮಾವಾಸ್ಯೆಯ ಸಂಜೆ ಐದಕ್ಕೆ ಎಲೆ. ಹೈದರಾಬಾದಿನಿಂದ ಮೊಮ್ಮಕ್ಕಳು ಬರುವ ಬಸ್ಸು ತಡವೆಂದು ಫೋನು ಬಂದರೆ, ಹೋಳಿಗೆ ಮತ್ತು ಚೂಡಾದ ಡಬ್ಬಿ ಹಿಡಿದು ನಾನೇ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ಹೊತ್ತು ಮುಳುಗುವುದರೊಳಗೆ ಅಲ್ಲಿಯ ಬೆಂಚಿನ ಮೇಲೆಯೇ ಕೂಡಿಸಿ ಉಣಿಸಿ, ಆಮೇಲೆ ಮನೆಗೆ ಕರೆತರುತ್ತೇನೆ.