ಆಕಾಶಯಾನದ ಛತ್ರಗಳು

ಹಿಂದಿನ ಕಾಲದಲ್ಲಿ ಕಾಶಿಗೋ ರಾಮೇಶ್ವರಕ್ಕೋ ಹೋಗಿ ಬಂದವರು ಮನೆಯ ಜಗಲಿಯ ಮೇಲೆ ಕುಳಿತರೆಂದರೆ, ದೇವರ ದರ್ಶನದ ವಿಚಾರಕ್ಕಿಂತ ಮೊದಲು ದಾರಿಯ ಛತ್ರಗಳ ವಿಚಾರವೇ ಹೊರಬರುತ್ತಿತ್ತು. ಯಾವ ಛತ್ರದ ಬಾವಿಯ ನೀರು ಸಿಹಿ, ಯಾವುದರಲ್ಲಿ ತಿಗಣೆಯ ಕಾಟ, ಯಾವ ಪಾರುಪತ್ಯಗಾರನು ಅಪರಾತ್ರಿಯಲ್ಲಿ ಎದ್ದು ಬಾಗಿಲು ತೆರೆದನು, ಯಾವನು ಸುರಿಯುವ ಮಳೆಯಲ್ಲಿಯೂ ತೆರೆಯಲಿಲ್ಲ, ಎಂಬ ಕಥೆಗಳನ್ನು ಕೇಳುತ್ತ ಮನೆಮಂದಿಯೆಲ್ಲ ಊಟದ ಹೊತ್ತನ್ನು ಮರೆಯುತ್ತಿದ್ದರು. ಆ ಛತ್ರಗಳು ಈಗ ಬಹುಮಟ್ಟಿಗೆ ಮದುವೆಯ ಮನೆಗಳಾಗಿ ಹೋಗಿವೆ. ಆದರೆ ಕಥೆ ಹೇಳುವವರಿಗೇನೂ ಕೊರತೆಯಾಗಿಲ್ಲ. ಛತ್ರದ ಸ್ಥಾನದಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಬಂದು ಕುಳಿತಿದೆ.

ಮೈಸೂರಿನ ಒಂದು ಮದುವೆಯ ಮನೆ. ಊಟವಾಗಿ, ತಾಂಬೂಲದ ತಟ್ಟೆ ಒಂದು ಸುತ್ತು ಬಂದಾಗಿದೆ. ಸಿಂಗಪುರದಿಂದ ಬಂದ ಇಂಜಿನಿಯರು ಒಂದು ಕಡೆ, ಲಂಡನ್ನಿನಿಂದ ಬಂದ ವೈದ್ಯರು ಇನ್ನೊಂದು ಕಡೆ, ದುಬೈಯಲ್ಲಿ ಅಂಗಡಿಯಿಟ್ಟಿರುವ ಉಡುಪಿಯ ಗೃಹಸ್ಥರು ನಡುವೆ. ಮೂಲೆಯ ಕುರ್ಚಿಯಲ್ಲಿ ವರನ ದೊಡ್ಡಮ್ಮ ಅಡಕೆ ಕತ್ತರಿಸುತ್ತಿದ್ದಾರೆ. ಲೋಕದಲ್ಲಿ ಅತ್ಯುತ್ತಮವಾದ ನಿಲ್ದಾಣ ಯಾವುದು, ಅತಿ ಕೆಟ್ಟದ್ದು ಯಾವುದು ಎಂಬ ಪ್ರಶ್ನೆ ಹೇಗೆ ಹುಟ್ಟಿತೋ ಯಾರಿಗೂ ನೆನಪಿಲ್ಲ. ಹುಟ್ಟಿದ ಮೇಲೆ ಮಾತ್ರ ಅದನ್ನು ಬಿಟ್ಟು ಏಳಲು ಯಾರೂ ಸಿದ್ಧರಿರಲಿಲ್ಲ.

ಚಿಟ್ಟೆಗಳೂ ಜಲಪಾತವೂ

ಸಿಂಗಪುರದ ಪಕ್ಷ ವಹಿಸುವವರಿಗೆ ಎಲ್ಲಿಯೂ ಸಾಕ್ಷಿಯ ಅಭಾವವಿಲ್ಲ. 1981ರಲ್ಲಿ ಆರಂಭವಾದ ಚಾಂಗಿ ನಿಲ್ದಾಣದ ಮೂರನೆಯ ಟರ್ಮಿನಲ್ಲಿನಲ್ಲಿ ಚಿಟ್ಟೆಗಳಿಗಾಗಿಯೇ ಒಂದು ತೋಟವಿದೆ. ಮುಂದಿನ ವಿಮಾನಕ್ಕೆ ಕಾಯುವವರು ತೂಕಡಿಸುವುದನ್ನು ಬಿಟ್ಟು ಅದರೊಳಗೆ ಹೋಗಿ ನಿಂತರೆ, ಹೆಗಲ ಮೇಲೆ ಚಿಟ್ಟೆ ಬಂದು ಕುಳಿತರೂ ಆಶ್ಚರ್ಯವಿಲ್ಲ. 2019ರಲ್ಲಿ ತೆರೆದ ಜ್ಯುವೆಲ್ ಎಂಬ ಗಾಜಿನ ಮಂದಿರದೊಳಗೆ 40 ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ಮಾಡಿನ ಕೆಳಗೆ ಮನುಷ್ಯರು ಕಟ್ಟಿದ ಜಲಪಾತಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲವೆಂದು ಹೆಸರಾಗಿದೆ. ಆದರೆ ಇಂಜಿನಿಯರು ಹೇಳಲು ಮರೆತ ಒಂದು ಸಂಗತಿಯನ್ನು ಹೊಸಬರು ತಿಳಿದಿರಬೇಕು. ಈ ಜಲಪಾತವಿರುವುದು ವಲಸೆ ತಪಾಸಣೆಯ ಆಚೆ, ಊರಿನ ಕಡೆಗೆ. ಒಂದು ವಿಮಾನದಿಂದಿಳಿದು ಇನ್ನೊಂದನ್ನು ಹತ್ತಬೇಕಾದವರು ದೇಶದೊಳಕ್ಕೆ ಪ್ರವೇಶಿಸಲು ಅನುಮತಿ ಪಡೆದ ಮೇಲೆಯೇ ಅದರ ಬಳಿಗೆ ಹೋಗಬಹುದು. ಎರಡು ಗಂಟೆಯ ಬಿಡುವಿನಲ್ಲಿ ಅದನ್ನು ನೋಡಿ ಬರುತ್ತೇನೆಂದು ಹೊರಟವರು ವಿಮಾನವನ್ನೇ ಕಳೆದುಕೊಳ್ಳುವ ಸಂಭವವುಂಟು.

ಲಂಡನ್ನಿನ ವೈದ್ಯರಿಗೆ ಚಿಟ್ಟೆಗಳಲ್ಲಿ ಆಸಕ್ತಿಯಿಲ್ಲ. "ನನ್ನ ಪೆಟ್ಟಿಗೆ ನನಗೆ ಸಿಕ್ಕರೆ ಸಾಕು" ಎಂಬುದು ಅವರ ಅಭಿಪ್ರಾಯ. ಅದಕ್ಕೆ ಕಾರಣವೂ ಇದೆ. 2008ರ ಮಾರ್ಚ್ 27ರಂದು ಹೀಥ್ರೋ ನಿಲ್ದಾಣದ ಐದನೆಯ ಟರ್ಮಿನಲ್ಲು ಮೊದಲ ಬಾರಿಗೆ ಪ್ರಯಾಣಿಕರನ್ನು ಬರಮಾಡಿಕೊಂಡಿತು. ಕೆಲಸಗಾರರಿಗೆ ಕಾರು ನಿಲ್ಲಿಸಲು ಸ್ಥಳ ಸಿಗದೆ, ಒಳಗೆ ಬರಲು ತಪಾಸಣೆಯಲ್ಲಿ ತಡವಾಗಿ, ಬಂದ ಮೇಲೆ ಹೊಸ ಯಂತ್ರಗಳು ಹಿಡಿತಕ್ಕೆ ಬಾರದೆ, ಪೆಟ್ಟಿಗೆಗಳು ಬೆಟ್ಟವಾಗಿ ಬೆಳೆದವು. ಕೆಲವೇ ದಿನಗಳಲ್ಲಿ ಸಾವಿರಾರು ಪೆಟ್ಟಿಗೆಗಳು ತಮ್ಮ ಯಜಮಾನರಿಂದ ಅಗಲಿದವು. ನೂರಾರು ವಿಮಾನಗಳು ರದ್ದಾದವು. ಅದೇ ಟರ್ಮಿನಲ್ಲು ಮುಂದಿನ ವರ್ಷಗಳಲ್ಲಿ ಪ್ರಯಾಣಿಕರ ಮತದಿಂದ ಹಲವು ಬಾರಿ ಪ್ರಶಸ್ತಿ ಗಳಿಸಿತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೊದಲ ದಿನ ಹೋದವರ ಮತವೂ ಐದು ವರ್ಷದ ಮೇಲೆ ಹೋದವರ ಮತವೂ ಒಂದಾಗಲಾರದು, ಎರಡೂ ಸುಳ್ಳಲ್ಲ.

ಇಂತಹುದೇ ಇನ್ನೊಂದು ನಿದರ್ಶನ ಜಪಾನಿನಲ್ಲಿದೆ. ಒಸಾಕಾ ನಗರದ ಬಳಿ ಸಮುದ್ರದಲ್ಲಿ ಮಣ್ಣು ತುಂಬಿ ನಿರ್ಮಿಸಿದ ದ್ವೀಪದ ಮೇಲೆ 1994ರ ಸೆಪ್ಟೆಂಬರ್ 4ರಂದು ಕಾನ್ಸಾಯ್ ನಿಲ್ದಾಣ ಆರಂಭವಾಯಿತು. ತಮ್ಮ ಕೈಯಿಂದ ಒಂದು ಪೆಟ್ಟಿಗೆಯೂ ಕಳೆದುಹೋಗಿಲ್ಲವೆಂದು ಅಲ್ಲಿನವರು 30 ವರ್ಷಗಳ ತರುವಾಯ ಹೆಮ್ಮೆಯಿಂದ ಹೇಳಿಕೊಂಡರು. ಸುತ್ತುವ ಪಟ್ಟಿಯ ಮೇಲೆ ಪೆಟ್ಟಿಗೆಯನ್ನಿಡುವಾಗ ಹಿಡಿಕೆಯು ಪ್ರಯಾಣಿಕನ ಕಡೆಗೆ ಇರುವಂತೆ ತಿರುಗಿಸಿಡುವ ಪದ್ಧತಿ ಅವರದು. ಆದರೆ 2018ರ ಸೆಪ್ಟೆಂಬರ್ 4ರಂದು, ಹುಟ್ಟಿದ ದಿನದಂದೇ, ಜೆಬಿ ಎಂಬ ಚಂಡಮಾರುತ ಎರಗಿತು. ಓಡುದಾರಿಯ ಮೇಲೆ ಕಡಲು ಹರಿಯಿತು; ಲಂಗರು ಕಿತ್ತ ಹಡಗೊಂದು ಬಂದು ಭೂಮಿಗೆ ಸಂಬಂಧ ಕಲ್ಪಿಸುವ ಏಕೈಕ ಸೇತುವೆಗೆ ಬಡಿಯಿತು. ಸಾವಿರಾರು ಜನ ಆ ರಾತ್ರಿಯನ್ನು ದ್ವೀಪದಲ್ಲಿಯೇ ಕಳೆಯಬೇಕಾಯಿತು. ಪೆಟ್ಟಿಗೆಯನ್ನು ಕಳೆಯದ ನಿಲ್ದಾಣಕ್ಕೂ ಕಡಲನ್ನು ತಡೆಯಲು ಸಾಧ್ಯವಾಗಲಿಲ್ಲ.

ಮರಳುಗಾಡಿನ ಮಳೆ

ಈ ಮಾತು ಬಂದೊಡನೆ ಉಡುಪಿಯ ಗೃಹಸ್ಥರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಕರಾವಳಿಯವರಿಗೆ ದುಬೈ ನಿಲ್ದಾಣವೆಂದರೆ ಪರದೇಶವೇ ಅಲ್ಲ. 2006ರಲ್ಲಿ ಮಂಗಳೂರಿನ ಬಜ್ಪೆಯಿಂದ ನೇರವಾಗಿ ವಿಮಾನ ಹಾರಲು ಆರಂಭವಾದ ಮೇಲೆ ಕೆಲವರಿಗೆ ಅದು ಬೆಂಗಳೂರಿಗಿಂತ ಹತ್ತಿರವಾಗಿದೆ. ಅಂತಾರಾಷ್ಟ್ರೀಯ ಪ್ರಯಾಣಿಕರ ಸಂಖ್ಯೆಯಲ್ಲಿ ಅದು 2014ರಿಂದ ಹಲವು ವರ್ಷ ಜಗತ್ತಿನ ಮೊದಲ ಸ್ಥಾನವನ್ನು ಉಳಿಸಿಕೊಂಡಿತು. ಅಂತಹ ನಿಲ್ದಾಣವು 2024ರ ಏಪ್ರಿಲ್ 16ರಂದು ಕೆರೆಯಾಯಿತು. ಒಂದು ವರ್ಷದಲ್ಲಿ ಬೀಳುವುದಕ್ಕಿಂತ ಹೆಚ್ಚಿನ ಮಳೆ ಒಂದೇ ದಿನ ಬಿದ್ದಿತು. ವಿಮಾನಗಳು ನೀರನ್ನು ಸೀಳಿಕೊಂಡು ದೋಣಿಗಳಂತೆ ಸರಿಯುವ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಕೋಟಿಗಟ್ಟಲೆ ಬೆಲೆಯ ಅಂಗಡಿಗಳ ಎದುರು, ಅಮೃತಶಿಲೆಯ ನೆಲದ ಮೇಲೆ, ಜನ ಕೈಚೀಲವನ್ನು ತಲೆದಿಂಬಾಗಿಸಿಕೊಂಡು ಮಲಗಿದರು.

"ಮಳೆಯನ್ನು ಯಾರೂ ದೂರಲಿಲ್ಲ" ಎಂದರು ಗೃಹಸ್ಥರು. "ಮುಂದೇನು ಎಂದು ಹೇಳುವವರೇ ಸಿಗಲಿಲ್ಲವಲ್ಲ, ಅದಕ್ಕೆ ಜನ ಸಿಟ್ಟಾದರು."

ಈ ಮಾತಿನಲ್ಲಿ ಸತ್ಯವಿದೆಯೆಂಬುದಕ್ಕೆ ಅಮೆರಿಕದ ಹ್ಯೂಸ್ಟನ್ ನಗರದ ಒಂದು ಪ್ರಸಂಗವನ್ನು ಬಲ್ಲವರು ಉದಾಹರಿಸುತ್ತಾರೆ. ಪೆಟ್ಟಿಗೆಗಾಗಿ ಬಹಳ ಹೊತ್ತು ಕಾಯಬೇಕೆಂದು ಅಲ್ಲಿನ ಪ್ರಯಾಣಿಕರ ದೂರು. ಅಧಿಕಾರಿಗಳು ಆಳುಗಳನ್ನು ಹೆಚ್ಚಿಸಿ ಕಾಯುವ ಅವಧಿಯನ್ನು ಎಂಟು ನಿಮಿಷಕ್ಕೆ ಇಳಿಸಿದರು. ದೂರು ನಿಲ್ಲಲಿಲ್ಲ. ಪರೀಕ್ಷಿಸಿದಾಗ, ಇಳಿದವರು ಒಂದು ನಿಮಿಷ ನಡೆದು ಏಳು ನಿಮಿಷ ಸುಮ್ಮನೆ ನಿಲ್ಲುತ್ತಾರೆಂದು ತಿಳಿಯಿತು. ಆಗ ಅಧಿಕಾರಿಗಳು ಇಳಿಯುವ ದ್ವಾರವನ್ನೂ ಪೆಟ್ಟಿಗೆಯ ಪಟ್ಟಿಯನ್ನೂ ಪರಸ್ಪರ ದೂರವಾಗುವಂತೆ ಏರ್ಪಡಿಸಿದರು. ನಡಿಗೆ ಆರು ಪಾಲು ಹೆಚ್ಚಿತು. ದೂರುಗಳು ಹೆಚ್ಚುಕಡಿಮೆ ಇಲ್ಲವಾದವು. ಕಾಲಿಗೆ ಕೆಲಸವಿದ್ದಾಗ ಕೋಪಕ್ಕೆ ಬಿಡುವಿಲ್ಲವೆಂಬ ತತ್ತ್ವವನ್ನು ಹ್ಯೂಸ್ಟನ್ನಿನವರು ಹೀಗೆ ಕಂಡುಹಿಡಿದರು.

ಬೆಂಗಳೂರಿನವರು ಇಷ್ಟರಲ್ಲಿ ಸುಮ್ಮನಿದ್ದಾರೆಯೇ? 2008ರ ಮೇ 24ರಂದು ಹಳೆಯ ಎಚ್.ಎ.ಎಲ್. ನಿಲ್ದಾಣದಿಂದ ನಾಗರಿಕ ವಿಮಾನ ಸಂಚಾರವೆಲ್ಲ ದೇವನಹಳ್ಳಿಗೆ ಹೋದಾಗ, "ವಿಮಾನಕ್ಕಿಂತ ವಿಮಾನ ನಿಲ್ದಾಣಕ್ಕೆ ಹೋಗುವುದೇ ದೊಡ್ಡ ಪ್ರಯಾಣ" ಎಂದು ಗೊಣಗದವರಿಲ್ಲ. ಆ ಗೊಣಗಾಟ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಆದರೆ 2022ರಲ್ಲಿ ಉದ್ಘಾಟನೆಯಾದ ಎರಡನೆಯ ಟರ್ಮಿನಲ್ಲಿನ ಬಿದಿರಿನ ಮಾಡಿನ ಕೆಳಗೆ, ಮೇಲಿನಿಂದ ಇಳಿಬಿದ್ದ ಹಸುರಿನ ನಡುವೆ, ಕನ್ನಡದ ಫಲಕವನ್ನು ಓದುತ್ತ ಹೊರಬರುವಾಗ, ಎರಡು ವರ್ಷ ಊರು ಕಾಣದೆ ಬಂದವರ ಕಣ್ಣು ತೇವವಾಗುವುದನ್ನು ನೋಡಿದವರಿದ್ದಾರೆ.

ಕಾಗದವಿಲ್ಲದ ಮನುಷ್ಯ

ಅತಿ ಕೆಟ್ಟ ಅನುಭವ ಯಾರದೆಂಬ ಸ್ಪರ್ಧೆಯಲ್ಲಿ ಮಾತ್ರ ಮದುವೆಯ ಮನೆಯವರಾರೂ ಗೆಲ್ಲಲಾರರು. ಆ ಬಿರುದು ಇರಾನಿನ ಮೆಹ್ರಾನ್ ಕರೀಮಿ ನಾಸ್ಸೇರಿಗೆ ಸಲ್ಲಬೇಕು. ಸರಿಯಾದ ಕಾಗದಪತ್ರಗಳಿಲ್ಲದೆ 1988ರಲ್ಲಿ ಪ್ಯಾರಿಸ್ಸಿನ ಚಾರ್ಲ್ಸ್ ಡಿ ಗಾಲ್ ನಿಲ್ದಾಣದಲ್ಲಿ ಸಿಕ್ಕಿಕೊಂಡ ಈತ ಅಲ್ಲಿಂದ ಹೊರಟದ್ದು 2006ರಲ್ಲಿ, ಅದೂ ಆಸ್ಪತ್ರೆಗೆ. ಹದಿನೆಂಟು ವರ್ಷ ಒಂದನೆಯ ಟರ್ಮಿನಲ್ಲಿನ ಬೆಂಚೇ ಆತನ ಮನೆ. ನಡುವೆ ಕಾಗದಗಳು ದೊರೆಯುವ ಕಾಲ ಬಂದಾಗ ಆತನೇ ಸಹಿ ಹಾಕಲು ಒಪ್ಪಲಿಲ್ಲ. ಬಾಗಿಲು ತೆರೆದರೂ ಹೊರಗೆ ಹೋಗುವ ಮನಸ್ಸು ಆ ವೇಳೆಗೆ ಕುಂದಿಹೋಗಿತ್ತು. 2022ರಲ್ಲಿ ಅದೇ ನಿಲ್ದಾಣಕ್ಕೆ ಹಿಂದಿರುಗಿ, ನವೆಂಬರಿನಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದನು.

ಅತ್ಯುತ್ತಮ ಅನುಭವದ ಕಥೆಯೂ ಹೀಗೆಯೇ ಯಾರೂ ನಿರೀಕ್ಷಿಸದ ಕಡೆಯಿಂದ ಬರುತ್ತದೆ. ಕೆನಡಾದ ಪೂರ್ವದ ತುದಿಯಲ್ಲಿ ಗ್ಯಾಂಡರ್ ಎಂಬ ಚಿಕ್ಕ ಊರು. ಸಾಗರವನ್ನು ದಾಟುವ ವಿಮಾನಗಳು ಇಂಧನಕ್ಕಾಗಿ ಇಳಿಯಲೇಬೇಕಾಗಿದ್ದ ಕಾಲದಲ್ಲಿ ಅದಕ್ಕೆ ಹೆಸರಿತ್ತು. ವಿಮಾನಗಳ ಶಕ್ತಿ ಬೆಳೆದ ಮೇಲೆ ಲೋಕ ಅದನ್ನು ಮರೆತಿತ್ತು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶಮಾರ್ಗಗಳನ್ನೆಲ್ಲ ಮುಚ್ಚಿದಾಗ, 38 ವಿಮಾನಗಳು ಆರು ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತು ಅಲ್ಲಿ ಇಳಿದವು. ಊರಿನ ಜನಸಂಖ್ಯೆ ಸುಮಾರು ಹತ್ತು ಸಾವಿರ. ಮುಷ್ಕರದಲ್ಲಿದ್ದ ಶಾಲಾ ಬಸ್ಸುಗಳ ಚಾಲಕರು ಮುಷ್ಕರವನ್ನು ಬದಿಗಿಟ್ಟು ಬಸ್ಸು ಹತ್ತಿದರು. ಶಾಲೆ, ಇಗರ್ಜಿ, ಸಭಾಭವನಗಳೆಲ್ಲ ಬಿಡಾರಗಳಾದವು. ಹಿಮದ ಮೇಲೆ ಹಾಕಿ ಆಡುವ ಅಂಗಳವು ಆಹಾರ ಕೆಡದಂತೆ ಇಡುವ ಉಗ್ರಾಣವಾಯಿತು. ಊರಿನವರು ಅಪರಿಚಿತರನ್ನು ಸ್ನಾನಕ್ಕೆಂದು ಮನೆಗೆ ಕರೆದೊಯ್ದರು. ಹಣ ಕೊಡಲು ಬಂದವರಿಂದ ತೆಗೆದುಕೊಳ್ಳಲಿಲ್ಲ. ಹೀಗೆ ತಂಗಿದ್ದ ಒಂದು ವಿಮಾನದ ಪ್ರಯಾಣಿಕರು ಹಿಂದಿರುಗುವ ದಾರಿಯಲ್ಲಿಯೇ ಹಣ ಕೂಡಿಸಿ, ಸಮೀಪದ ಲೂಯಿಸ್‌ಪೋರ್ಟ್ ಊರಿನ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನದ ನಿಧಿಯೊಂದನ್ನು ಸ್ಥಾಪಿಸಿದರು. ಆ ನಿಲ್ದಾಣದಲ್ಲಿ ಚಿಟ್ಟೆಯ ತೋಟವೂ ಇರಲಿಲ್ಲ, ಜಲಪಾತವೂ ಇರಲಿಲ್ಲ.

ದೊಡ್ಡಮ್ಮನ ಚೀಟಿ

ವಾದ ಇಲ್ಲಿಗೆ ಬಂದು ನಿಂತಾಗ ಇಂಜಿನಿಯರು ಮೂಲೆಯ ಕಡೆ ತಿರುಗಿದರು. "ದೊಡ್ಡಮ್ಮ, ನೀವೂ ಮಗಳ ಬಾಣಂತನಕ್ಕೆಂದು ಒಬ್ಬರೇ ಅಮೆರಿಕಕ್ಕೆ ಹೋಗಿ ಬಂದಿರಿ. ನಿಮಗೆ ಯಾವುದು ಒಳ್ಳೆಯದಾಗಿ ಕಂಡಿತು?"

"ನಡುವೆ ಒಂದು ಕಡೆ ಇಳಿಸಿದರಪ್ಪ. ಆ ಊರಿನ ಹೆಸರು ಬಾಯಿಗೆ ಬರುವುದಿಲ್ಲ" ಎಂದರು ದೊಡ್ಡಮ್ಮ. ಯಜಮಾನರು ತೀರಿಕೊಂಡ ವರ್ಷ ಅದು. ಇಂಗ್ಲಿಷು ಬಾರದು. ದ್ವಾರದ ಸಂಖ್ಯೆ ಬದಲಾಯಿತೆಂದು ಮೂರು ಸಲ ಕೂಗಿದ್ದರಂತೆ, ಅವರಿಗೆ ತಿಳಿಯಲಿಲ್ಲ. ಮೊದಲು ತೋರಿಸಿದ ಕುರ್ಚಿಯಲ್ಲಿಯೇ ಕುಳಿತಿದ್ದರು. ಸುತ್ತಲಿನವರೆಲ್ಲ ಎದ್ದು ಹೋದರು. ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಬಂದು, ಕೈಯಲ್ಲಿದ್ದ ಚೀಟಿಯನ್ನು ನೋಡಿ, ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಇವರ ಕೈ ಹಿಡಿದು ನಡೆದಳು. ಅವಳ ಭಾಷೆ ಇವರಿಗೆ ಬಾರದು, ಇವರದು ಅವಳಿಗೆ ಬಾರದು. ಬಾಗಿಲು ಮುಚ್ಚುವ ಮುನ್ನ ತಲುಪಿಸಿದಳು.

"ಅವಳಿಗೆ ಕೊಡಲು ನನ್ನ ಹತ್ತಿರ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ ಬಿಟ್ಟು ಏನೂ ಇರಲಿಲ್ಲ. ತುಪ್ಪವನ್ನೂ ಉಪ್ಪಿನಕಾಯಿಯನ್ನೂ ತಪಾಸಣೆಯವರು ಆಗಲೇ ತೆಗೆದುಕೊಂಡಿದ್ದರು."

ಎಲ್ಲರೂ ನಕ್ಕರು. ನಗದೆ ಕುಳಿತಿದ್ದವನು ಒಬ್ಬನೇ. ಮುಂದಿನ ವಾರ ತನ್ನ ತಾಯಿಯನ್ನು ಒಬ್ಬರನ್ನೇ ಅಣ್ಣನ ಬಳಿಗೆ ಕಳುಹಿಸಬೇಕಾಗಿದ್ದ ಹುಡುಗ. ಅವನು ಜೇಬಿನಿಂದ ಲಗ್ನಪತ್ರಿಕೆಯನ್ನು ತೆಗೆದು ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದನು. ಒಬ್ಬೊಬ್ಬರೂ ಒಂದೊಂದು ಮಾತು ಸೇರಿಸಿದರು. ಟಿಕೆಟ್ಟು ಕೊಳ್ಳುವಾಗಲೇ ಗಾಲಿಕುರ್ಚಿಯ ನೆರವು ಕೇಳಬೇಕು. ನಡೆಯಬಲ್ಲವರಿಗೂ ಅದು ದಾರಿ ತೋರಿಸುವ ಜನವನ್ನು ಒದಗಿಸುತ್ತದೆ. ದ್ರವಪದಾರ್ಥಗಳ ಮೇಲಿನ 100 ಮಿಲಿಲೀಟರಿನ ಮಿತಿ 2006ರಿಂದ ಬಂದದ್ದು, ಇಂದಿಗೂ ಬಹುಪಾಲು ಕಡೆ ಇದೆ. ತುಪ್ಪ, ಗೊಜ್ಜು, ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿಡಬಾರದು. ಅಮೆರಿಕದ ಮೂಲಕ ಬೇರೆ ದೇಶಕ್ಕೆ ಹೋಗುವವರಿಗೂ ಅಲ್ಲಿನ ವೀಸಾ ಬೇಕು. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮುನ್ನವೇ ದೂರು ಬರೆಯಿಸಿ ಅದರ ಪ್ರತಿಯನ್ನು ಪಡೆಯಬೇಕು. 1999ರ ಮಾಂಟ್ರಿಯಲ್ ಒಪ್ಪಂದದಂತೆ, ಪೆಟ್ಟಿಗೆ ಮುರಿದಿದ್ದರೆ ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. 21 ದಿನವಾದರೂ ಬಾರದಿದ್ದರೆ ಅದು ಕಳೆದುಹೋದಂತೆಯೇ ಲೆಕ್ಕ.

"ನಿಮ್ಮ ಆ ಚೀಟಿಯಲ್ಲಿ ಏನು ಬರೆದಿತ್ತು, ದೊಡ್ಡಮ್ಮ?" ಎಂದು ಹುಡುಗ ಕೇಳಿದನು.

ದೊಡ್ಡಮ್ಮ ಅಡಕತ್ತರಿಯನ್ನು ಕೆಳಗಿಟ್ಟರು. ನನ್ನ ಹೆಸರು ಇದು. ನಾನು ಕನ್ನಡ ಮಾತ್ರ ಬಲ್ಲೆ. ನನ್ನ ವಿಮಾನ ಇದು, ಹೊರಡುವ ಹೊತ್ತು ಇದು. ದಯವಿಟ್ಟು ದಾರಿ ತೋರಿಸಿ. ಮಗಳ ದೂರವಾಣಿ ಇದು. ಅಷ್ಟೇ ಇದ್ದುದು. ಅಕ್ಷರ ದೊಡ್ಡದಾಗಿರಲಿ ಎಂದು ಅಳಿಯ ಹೇಳಿದ್ದನಂತೆ.

"ನಿನ್ನ ತಾಯಿಗೂ ದೊಡ್ಡದಾಗಿಯೇ ಬರೆದುಕೊಡು" ಎಂದರು ದೊಡ್ಡಮ್ಮ. "ಓದುವವರು ಯಾರೋ ಏನೋ, ಅವರ ಹತ್ತಿರ ಕನ್ನಡಕ ಇರುತ್ತದೋ ಇಲ್ಲವೋ. ಆಮೇಲೆ ಒಂದು ಪೊಟ್ಟಣ ಮಿಠಾಯಿಯನ್ನೂ ಕೈಚೀಲದಲ್ಲಿಡು."

ಹುಡುಗನು ಅದನ್ನೂ ಬರೆದುಕೊಂಡನು.