ಹಾವು, ಏಣಿ ಮತ್ತು ಒತ್ತಕ್ಷರ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಈ ಸಲ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ಕಲಬುರಗಿಯಿಂದ ನಮ್ಮ ಅತ್ತೆಯವರು ಮರಿಮಗನಿಗೆ ಒಂದು ಪತ್ರ ಬರೆದಿದ್ದರು. ಎಂಬತ್ತು ದಾಟಿದ ಕೈಯ ದುಂಡನೆಯ ಅಕ್ಷರ. ಮೂರನೆಯ ತರಗತಿಯ ನಮ್ಮ ಮೊಮ್ಮಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಿ, ನೀನೇ ಓದಿ ಹೇಳು. ಇದು ತೆಲುಗು ಇದ್ದಂಗ ಅದ, ಆದ್ರ ಅಲ್ಲ" ಅಂದ.

ನನ್ನ ಕರುಳು ಚುರುಕ್ಕೆಂದಿತು. ಮಿಯಾಪುರದಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳ ಪಾಡು ಇದೇ ಅಲ್ಲವೇ? ಮನೆಯಲ್ಲಿ ಕನ್ನಡದ ಮಾತು, ಶಾಲೆಯಲ್ಲಿ ಇಂಗ್ಲಿಷಿನ ಪಾಠ. 2018ರ ಕಾಯ್ದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯೂ ಕಡ್ಡಾಯವಾಗಿದೆ. ಅದು ಒಳ್ಳೆಯದೇ, ಇರುವ ಊರಿನ ಭಾಷೆ ಬರಲೇಬೇಕು. ಆದರೆ ಕನ್ನಡದ ಓದನ್ನು ಕಲಿಸುವವರು ಯಾರು? ನಾವೇ.

ಮಗ ತನ್ನ ಮೊಬೈಲಿನಲ್ಲಿ ಅಕ್ಷರ ಕಲಿಸುವ ಒಂದು ಆಟ ಹಾಕಿಕೊಟ್ಟ. ಒಂದು ಪದ ಕೇಳಿಸುತ್ತದೆ, ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಒತ್ತಿದರೆ ನಕ್ಷತ್ರ. ನಾಲ್ಕೇ ದಿನಕ್ಕೆ ಹುಡುಗ ನೂರು ನಕ್ಷತ್ರ ಗಳಿಸಿದ. ನನಗೆ ಹಿಗ್ಗೋ ಹಿಗ್ಗು. ಐದನೆಯ ದಿನ ಪಾಟಿ ಕೊಟ್ಟು "ಮನೆ ಅಂತ ಬರಿಯಪ್ಪಾ" ಎಂದರೆ ಬಳಪ ಹಿಡಿದು ಸುಮ್ಮನೆ ಕೂತ! ತಪ್ಪೆಂದು ಕಂಡ ಮೂರನ್ನು ಬಿಟ್ಟು ಉಳಿದದ್ದನ್ನು ಒತ್ತುವುದಷ್ಟೇ ಅವನು ಕಲಿತದ್ದು. ಗುರುತು ಹಿಡಿಯುವುದು ಬೇರೆ, ನೆನಪಿನಿಂದ ಬರೆಯುವುದು ಬೇರೆ.

ಆಗ ಅಟ್ಟದಿಂದ ಇಳಿಯಿತು ನಮ್ಮ ಹಳೆಯ ಹಾವು ಏಣಿ ಪಟ. ಪಕ್ಕದ ಮನೆಯ ತೆಲುಗು ಅಮ್ಮ ಇದನ್ನು ವೈಕುಂಠಪಾಳಿ ಎನ್ನುತ್ತಾರೆ. ನಮ್ಮ ಹಿರಿಯರಿಗೆ ಇದು ಪರಮಪದ ಸೋಪಾನ ಪಟ. ಪುಣ್ಯ ಏಣಿ, ಪಾಪ ಹಾವು ಎಂದು ಮಕ್ಕಳಿಗೆ ನೀತಿ ಹೇಳಲು ಆಟವನ್ನೇ ಬಳಸಿದ ಜಾಣರು ಅವರು. ಇಂಗ್ಲೆಂಡಿಗೆ ಹೋಗಿ ಸ್ನೇಕ್ಸ್ ಅಂಡ್ ಲ್ಯಾಡರ್ಸ್ ಎನಿಸಿಕೊಂಡದ್ದೂ ಇದೇ ಆಟ.

ನಾನು ಮಾಡಿದ ನಿಯಮ ಇಷ್ಟೇ. ಏಣಿಯ ಮನೆಗೆ ಬಂದವರು ಒಂದು ಚೀಟಿ ತೆಗೆದು ಪದವನ್ನು ಓದಿದರೆ ಮಾತ್ರ ಹತ್ತಬಹುದು. ಹಾವಿನ ಬಾಯಿಗೆ ಬಿದ್ದವರು ನಾನು ಹೇಳಿದ ಪದವನ್ನು ತಪ್ಪಿಲ್ಲದೆ ಬರೆದರೆ ಇಳಿಯಬೇಕಿಲ್ಲ. ಗ, ದ, ನ, ರ, ಲ ತೆಲುಗಿನಲ್ಲೂ ಹೆಚ್ಚು ಕಡಿಮೆ ಹೀಗೇ ಇವೆಯಲ್ಲ, ಮೊದಲು ಅವುಗಳಿಂದಲೇ ಶುರು. ರೂಪ ಬೇರೆಯಾಗುವ ಕ, ತ ಆಮೇಲೆ. ಹೀಗಾಗಿ ಶಾಲೆಯ ತೆಲುಗೇ ಕನ್ನಡಕ್ಕೆ ಏಣಿಯಾಯಿತು!

ಕೆಳಗಿನ ಮನೆಯ ಮಕ್ಕಳೂ ಬಂದು ಸೇರಿದರು. ಅವರಲ್ಲಿ ಒಬ್ಬ ಹುಡುಗಿ ಓದಿನಲ್ಲಿ ಸ್ವಲ್ಪ ನಿಧಾನ. ರಸಪ್ರಶ್ನೆ ಇಟ್ಟಾಗ ಚುರುಕಾದವರೇ ಗೆದ್ದು, ಅವಳು ಬಾಗಿಲ ಹತ್ತಿರ ನಿಂತುಬಿಡುತ್ತಿದ್ದಳು. ದಾಳಕ್ಕೆ ಜಾಣರು, ದಡ್ಡರು ಎಂಬ ಭೇದವಿಲ್ಲ. ಆರು ಬಿದ್ದು ಆಕೆ ಗೆದ್ದ ಮರುದಿನ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದಳು. ಅದೃಷ್ಟಕ್ಕೂ ಪಾಠದಲ್ಲಿ ಒಂದಿಷ್ಟು ಜಾಗ ಇರಬೇಕೆಂದು ಅಂದು ನನಗೆ ಹೊಳೆಯಿತು.

ಹಾಗೆಂದು ಮೊಬೈಲನ್ನು ನಾನು ದೂರುವುದಿಲ್ಲ. ಒತ್ತಕ್ಷರ ಕಲಿಸಲು ಅದೇ ನೆರವಾಯಿತು. ಕನ್ನಡ ಕೀಲಿಮಣೆಯಲ್ಲಿ ಅ, ಕ, ಅರ್ಧಾಕ್ಷರದ ಗುರುತು, ಮತ್ತೆ ಕ ಒತ್ತಿದರೆ ಎರಡನೆಯ ಕ ತಾನಾಗಿ ಕೆಳಗಿಳಿದು ‘ಅಕ್ಕ’ ಆಗುತ್ತದೆ. ಇದನ್ನು ಕಂಡು ಮಕ್ಕಳಿಗೆ ಜಾದೂ ನೋಡಿದಷ್ಟು ಖುಷಿ! ಇನ್ನು ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಚಿತ್ರಕಥೆಗಳು ಕನ್ನಡ, ತೆಲುಗು ಎರಡರಲ್ಲೂ ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಬೇಕು. ಇಲ್ಲವಾದರೆ ಮೂಗಿಗಿಂತ ಮೂಗುತಿ ಭಾರ.

ರಜೆ ಮುಗಿಯುವ ಹೊತ್ತಿಗೆ ಮೊಮ್ಮಗ ತಾನೇ ಮುತ್ತಜ್ಜಿಗೆ ಕಾರ್ಡು ಬರೆದ. ನಾಲ್ಕೇ ಸಾಲು. ‘ಮುತ್ತಜ್ಜಿ’ ಎನ್ನುವಲ್ಲಿ ಜ ಒತ್ತು ಮರೆತು ‘ಮುತ್ತಜಿ’ ಆಗಿತ್ತು. ತಿದ್ದಲು ಕೈ ಮುಂದಾಯಿತಾದರೂ ಹಾಗೆಯೇ ಅಂಚೆಗೆ ಹಾಕಿದೆ. ವಾರದ ಮೇಲೆ ಅತ್ತೆಯವರ ಫೋನು ಬಂತು: "ಒಂದು ಒತ್ತು ನುಂಗ್ಯಾನಲ್ಲ, ಅದನ್ನ ನಾನೇ ಬಂದು ಕಲಸ್ತೀನಿ!"

ನಿಮ್ಮ ಮನೆಯ ಅಟ್ಟದ ಮೇಲೆ ಯಾವ ಪಟವಿದೆ? ಈ ಭಾನುವಾರ ಇಳಿಸುತ್ತೀರಲ್ಲವೇ?