ಕಾಯಿಲೆ ಒಂದು, ಮದ್ದು ಹತ್ತು

ನಮ್ಮ ಕಡೆ ಬೋರಿನ ಮೋಟಾರು ಕೆಟ್ಟರೆ ಮೂರು ಜನ ಬರುತ್ತಾರೆ. ಕಾಯಿಲ್ ಕಟ್ಟುವವನು 'ಕಾಯಿಲ್ ಹೋಗಿದೆ' ಎನ್ನುತ್ತಾನೆ. ಅಂಗಡಿಯವನು 'ಪಂಪು ಹಳೆಯದಾಯಿತು, ಹೊಸದು ಬಿಡಿ' ಎನ್ನುತ್ತಾನೆ. ಬೋರ್ ಲಾರಿಯವನು 'ನೀರೇ ಇಲ್ಲ, ಇನ್ನೊಂದು ಕೊರೆಸಿ' ಎನ್ನುತ್ತಾನೆ. ಮೂವರಲ್ಲಿ ಒಬ್ಬನೂ ಮೀಟರು ಹಿಡಿದು ನೋಡಿರುವುದಿಲ್ಲ. ಅವರವರ ಬಳಿ ಮಾರಲು ಏನಿದೆಯೋ ಅದೇ ಮೋಟಾರಿನ ಕಾಯಿಲೆ! ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ರೈತನನ್ನು ಬರಗಾಲದ ಜೊತೆಗೆ ಈ ಊಹೆಯ ವೈದ್ಯವೂ ಸೇರಿಕೊಂಡು ಸುಲಿಯುತ್ತಿದೆ ಎಂಬುದು ನನ್ನ ತಕರಾರು.

ಅನುಭವವಿಲ್ಲದೆ ಹೇಳುತ್ತಿಲ್ಲ. ನನ್ನ ತೋಟದಲ್ಲಿ ಎರಡು ಬೋರುಗಳಿವೆ. ಎರಡಕ್ಕೂ ಐದು ಅಶ್ವಶಕ್ತಿಯ ಮೋಟಾರು. ಒಂದೇ ಕಂಪನಿಯವು, ಒಂದೇ ಟ್ರಾನ್ಸ್‌ಫಾರ್ಮರಿನ ಮಕ್ಕಳು. ಮೂಡಲ ಬೋರು ವರ್ಷಗಟ್ಟಲೆ ತಕರಾರಿಲ್ಲದೆ ಓಡಿತು. ಪಡುವಲದ್ದು ಮಾತ್ರ ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ಎರಡು ಸಲವೂ ಆಳು ಕರೆಸಿ ಎತ್ತಿಸಿದೆ, ಕಾಯಿಲ್ ಕಟ್ಟಿಸಿದೆ, ಬಿಡಿಸಿದೆ. ಎರಡನೆಯ ಸಲ ಬಿಟ್ಟ ಮೇಲೆ ಪೈಪಿನಲ್ಲಿ ಅರ್ಧ ನೀರೂ ಬರಲಿಲ್ಲ. ಬೋರು ಸತ್ತಿತು ಎಂದು ಊರೇ ತೀರ್ಪು ಕೊಟ್ಟಿತು. ಹೊಸ ಬೋರಿಗೆ ಸಾಲ ಎತ್ತಲು ನಾನೂ ಅಣಿಯಾಗಿದ್ದೆ.

ಅಷ್ಟರಲ್ಲಿ ನಿವೃತ್ತ ಲೈನ್‌ಮನ್ ಒಬ್ಬರು ತೋಟಕ್ಕೆ ಬಂದರು. ಕಥೆಯೆಲ್ಲ ಕೇಳಿ, "ಮೇಷ್ಟ್ರೇ, ಆ ಇನ್ನೊಂದು ಮೋಟಾರನ್ನ ಯಾರಾದ್ರೂ ನೋಡಿದ್ರಾ?" ಎಂದರು. ಚೆನ್ನಾಗಿರುವುದನ್ನು ಯಾಕೆ ನೋಡಬೇಕು ಎಂದೆ. "ಕೆಟ್ಟಿರೋದು ಎಷ್ಟು ಕೆಟ್ಟಿದೆ ಅಂತ ಹೇಳೋದು ಅದೇ ಅಲ್ವಾ?" ಎಂದರು.

ಮೊದಲು ಮೇನ್ ತೆಗೆದು, ಪಡುವಲ ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿ ಓಡಿಸಿದರು. ಪೈಪಿನ ಬಾಯಿ ತುಂಬಿ ನೀರು ಬಂತು! ಮೂರು ಫೇಸಿನ ಮೋಟಾರಿಗೆ ಎರಡು ತಂತಿ ಬದಲಾದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಹಾಗೆ ತಿರುಗಿದರೂ ಪಂಪು ಒಂದಿಷ್ಟು ನೀರು ಎತ್ತುತ್ತದೆ, ಅದೇ ಮೋಸ. ಬಿಡುವಾಗ ತಂತಿ ತಪ್ಪಿಸಿ ಕೊಟ್ಟಿದ್ದರು. ಐದು ನಿಮಿಷದ ಈ ಕೆಲಸಕ್ಕೆ ನಾನು ಹೊಸ ಬೋರು ಕೊರೆಸಲು ಹೊರಟಿದ್ದೆ.

ಆದರೆ ಸುಡುವುದೇಕೆ? ಟಾಂಗ್ ಟೆಸ್ಟರ್ ಹಿಡಿದರು. ಮೂಡಲ ಮೋಟಾರಿನ ಮೂರು ತಂತಿಯಲ್ಲೂ ಒಂಬತ್ತರ ಆಸುಪಾಸು ಆಂಪಿಯರ್. ಪಡುವಲದ್ದರಲ್ಲಿ ಹನ್ನೊಂದು, ಹನ್ನೆರಡು, ಆರು. ಮತ್ತೆ ಮೇನ್ ತೆಗೆದು ಮೂರೂ ತಂತಿಗಳನ್ನು ಒಂದೊಂದು ಮನೆ ಸರಿಸಿದರು. ಹೀಗೆ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಆರು ಎಂಬ ಲೆಕ್ಕ ತಂತಿಯ ಜೊತೆ ಸರಿದರೆ ದೋಷ ಮೋಟಾರಿನದು ಅಥವಾ ಕೇಬಲ್ಲಿನದು. ಸ್ಟಾರ್ಟರಿನ ಅದೇ ಮನೆಯಲ್ಲಿ ನಿಂತರೆ ದೋಷ ಸ್ಟಾರ್ಟರಿನದು ಅಥವಾ ಲೈನಿನದು. ಅದು ಅಲ್ಲೇ ನಿಂತಿತು. ಒಳಬರುವ ವೋಲ್ಟೇಜು ಮೂರರಲ್ಲೂ ಸರಿಯಿತ್ತು. ಸ್ಟಾರ್ಟರ್ ಬಿಚ್ಚಿದರೆ ಒಂದು ಕಾಂಟ್ಯಾಕ್ಟ್ ಸುಟ್ಟು ಕರಿಕಲಾಗಿ ಕುಳಿಬಿದ್ದಿತ್ತು. ವೋಲ್ಟೇಜಿನಲ್ಲಿ ನೂರಕ್ಕೆ ಒಂದರಷ್ಟು ಏರುಪೇರಾದರೆ ಕರೆಂಟಿನಲ್ಲಿ ಆರರಿಂದ ಹತ್ತರಷ್ಟು ಏರುಪೇರಾಗುತ್ತದೆ. ಆ ಕಾವಿಗೆ ಎಂಥ ಕಾಯಿಲ್ ತಡೆದೀತು?

ಮೆಕ್ಯಾನಿಕ್ಕುಗಳನ್ನಷ್ಟೇ ಬೈದರೆ ಅನ್ಯಾಯವಾದೀತು. 'ನಾಳೆ ಬೆಳಿಗ್ಗೆಗೆ ನೀರು ಬರಬೇಕು' ಎಂದು ಅವರ ತಲೆಯ ಮೇಲೆ ಕೂರುವವರು ನಾವೇ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿದೆ. ಬಿಲ್ಲು ಬಾರದ ಕರೆಂಟನ್ನು ಅಳೆಯುವವರಾರು? ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೇವೆ. ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಓಡಿಸುತ್ತೇವೆ. ಆ ಪಾಪದಲ್ಲಿ ನನ್ನ ಪಾಲೂ ಉಂಟು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಲ್ಲಿ ಗೂಡು ಕಟ್ಟಿದರೂ ಬಾಗಿಲು ತೆರೆಯುವುದಿಲ್ಲ.

ಅವಸರಕ್ಕೆ ಕಾರಣವಿಲ್ಲ ಎನ್ನುತ್ತಿಲ್ಲ. ನೀರು ತಪ್ಪಿದರೆ ಹರಳು ಉದುರುತ್ತದೆ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ, ಅಟ್ಟದ ಮೇಲೆ ಅದು ಉಂಡೆ ಕೊಬ್ಬರಿಯಾಗಲು ಹತ್ತಿರಹತ್ತಿರ ಇನ್ನೊಂದು ವರ್ಷ. ಈ ಬೇಸಿಗೆಯ ನಷ್ಟ ತಿಪಟೂರಿನ ಮಾರುಕಟ್ಟೆಯಲ್ಲಿ ನಮ್ಮ ಕೈಗೆ ತಗಲುವುದು ಎರಡು ವರ್ಷದ ಮೇಲೆ. ಹಾಗಿರುವಾಗ ತಪ್ಪು ಮದ್ದು ಮಾಡುತ್ತ ವಾರಗಳನ್ನು ಕಳೆಯುವುದಕ್ಕಿಂತ ನೋಡುವುದಕ್ಕೆ ಒಂದು ಗಂಟೆ ಕೊಡುವುದೇ ಲೇಸಲ್ಲವೆ? ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತೆಂದು ದೇವರಿಗೂ ತಿಳಿಯುವುದಿಲ್ಲ.

ಇನ್ನು ಮೇಲೆ ಮೋಟಾರು ನೋಡಲು ಬಂದವನನ್ನು ಒಂದೇ ಪ್ರಶ್ನೆ ಕೇಳಿ: 'ಮೂರು ತಂತಿಯಲ್ಲಿ ಎಷ್ಟೆಷ್ಟಿದೆಯಪ್ಪ?' ಲೆಕ್ಕ ಹೇಳಿದರೆ ಕೆಲಸ ಕೊಡಿ. ಹೇಳದಿದ್ದರೆ ಕಾಫಿ ಕೊಟ್ಟು ಕಳುಹಿಸಿ.